ಉಪ್ಪು ಸುರಿದ ರಸ್ತೆಯಲ್ಲಿ ಮೊದಲ ಬೈಕು

ಓದಿಗೆ, ಕೆಲಸಕ್ಕೆ ಬ್ರಿಟನ್ನಿಗೆ ಬರುವ ನಮ್ಮ ಹುಡುಗರು ಸೆಪ್ಟೆಂಬರಿನಲ್ಲಿ ಆಸೆಯಿಂದ ಬೈಕು ಕೊಳ್ಳುತ್ತಾರೆ. ಯುಗಾದಿ ಹೊತ್ತಿಗೆ ಚೈನು ಕೆಂಪಾಗಿ, ಬ್ರೇಕು ಕಚ್ಚಿಕೊಂಡು, ಬೋಲ್ಟುಗಳು ಜಪ್ಪಯ್ಯ ಅಂದರೂ ಬಿಚ್ಚುವುದಿಲ್ಲ. 'ಚಳಿಗೆ ಹಾಳಾಯಿತು' ಅನ್ನುತ್ತಾರೆ. ಹಾಳು ಮಾಡಿದ್ದು ಚಳಿಯಲ್ಲ, ಉಪ್ಪು. ಕಡಲ ಗಾಳಿ ಕಬ್ಬಿಣವನ್ನು ಹೇಗೆ ತಿನ್ನುತ್ತದೆಂದು ಕಾರವಾರ, ಮಲ್ಪೆಯವರಿಗೆ ಹೇಳಬೇಕಿಲ್ಲ. ಇಲ್ಲಿ ರಸ್ತೆ ಹೆಪ್ಪುಗಟ್ಟದಿರಲೆಂದು ಲಾರಿಗಳೇ ಕಲ್ಲುಪ್ಪು ಎರಚುತ್ತವೆ. ಅದರಲ್ಲಿ ಬಹಳಷ್ಟು ಚೆಷೈರ್‌ನ ವಿನ್ಸ್‌ಫರ್ಡ್ ಗಣಿಯಿಂದ ಬರುವ ಕಂದು ಉಪ್ಪು.

ಪರವಾನಗಿಯ ಮಾತು ಬೇಗ ಮುಗಿಸುತ್ತೇನೆ. ಬ್ರಿಟನ್ನಿನ ಕಲಿಕಾ ಪರವಾನಗಿಯಲ್ಲಿ ಓಡಿಸುವವರು ಸಿಬಿಟಿ ಎಂಬ ತರಬೇತಿ ಮುಗಿಸಬೇಕು. ಅದರ ಪ್ರಮಾಣಪತ್ರ 2 ವರ್ಷ ನಡೆಯುತ್ತದೆ. 17 ತುಂಬಿದವರಿಗೆ 125 ಸಿಸಿ, 11 ಕಿಲೋವಾಟ್‌ವರೆಗಿನ ಬೈಕು. 'ಎಲ್' ಫಲಕ ಕಡ್ಡಾಯ. ಹಿಂದೆ ಯಾರನ್ನೂ ಕೂರಿಸುವಂತಿಲ್ಲ, ಮೋಟರ್‌ವೇ ಹತ್ತುವಂತಿಲ್ಲ.

ಮೊದಲ ಚಳಿಗಾಲಕ್ಕೆ ಸಾಲ ಮಾಡಿ ಹೊಸ ಬೈಕು ಕೊಳ್ಳಬೇಡಿ. ನಾಲ್ಕೈದು ವರ್ಷ ಹಳೆಯದು ಸಾಕು. ನೋಂದಣಿ ಸಂಖ್ಯೆ ಹಾಕಿದರೆ ಸರ್ಕಾರಿ ಜಾಲತಾಣದಲ್ಲಿ ಅದರ ಎಂಒಟಿ ಎಂಬ ವಾಹನ ಸುಸ್ಥಿತಿ ತಪಾಸಣೆಯ ಚರಿತ್ರೆ ಪುಕ್ಕಟೆ ಸಿಗುತ್ತದೆ. ತುಕ್ಕಿನ ಟಿಪ್ಪಣಿಗಳಿವೆಯೇ ಓದಿ. ಆಮೇಲೆ ಮೊಣಕಾಲೂರಿ ಬೈಕಿನ ಅಡಿ ನೋಡಿ. ಅಲ್ಯೂಮಿನಿಯಂ ಮೇಲೆ ಬೂಷ್ಟಿನಂಥ ಬಿಳಿ ಪುಡಿ ಎದ್ದಿದ್ದರೆ ಅದು ಉಪ್ಪು ತಿಂದ ಬೈಕು, ಬಿಟ್ಟುಬಿಡಿ. ನಮ್ಮೂರಿನ ಸ್ಪ್ಲೆಂಡರ್‌ಗೆ ಚೈನು ಮುಚ್ಚುವ ಕವಚವಿರುತ್ತದೆ. ಇಲ್ಲಿನ ಬಹುಪಾಲು ಬೈಕುಗಳಲ್ಲಿ ಚೈನು ಬಯಲಿಗೇ ಬಿದ್ದಿರುತ್ತದೆ. ಕವಚವಿರುವುದು ಸಿಕ್ಕರೆ ಚೌಕಾಸಿ ಮಾಡುತ್ತ ಕೂರಬೇಡಿ.

ಅಕ್ಟೋಬರಿನಲ್ಲೇ ತುಕ್ಕುನಿರೋಧಕ ಎಣ್ಣೆಯನ್ನು ಬರಿಯ ಲೋಹದ ಭಾಗಗಳಿಗೆ ತೆಳ್ಳಗೆ ಬಳಿಯಿರಿ. ಬ್ರೇಕಿನ ಡಿಸ್ಕ್, ಪ್ಯಾಡು, ಟೈರಿಗೆ ಒಂದು ಹನಿಯೂ ತಾಗಬಾರದು.

ಎಲ್ಲರೂ ಎಡವುವುದು ತೊಳೆಯುವುದರಲ್ಲಿ. ಭಾನುವಾರ ಬರಲಿ ಎಂದು ಕಾಯುತ್ತಾರೆ, ಬಕೆಟ್ಟಿನಲ್ಲಿ ಬಿಸಿನೀರು, ಪಾತ್ರೆ ತೊಳೆಯುವ ಸೋಪು ತರುತ್ತಾರೆ, ತೊಳೆದು ಒದ್ದೆಯಲ್ಲೇ ಪ್ಲಾಸ್ಟಿಕ್ ಹೊದಿಸುತ್ತಾರೆ. ನಾನೂ ಮೊದಲ ವರ್ಷ ಹೀಗೇ ಮಾಡಿ ಹಿಂದಿನ ಬ್ರೇಕಿನ ಕ್ಯಾಲಿಪರ್ ಕಳೆದುಕೊಂಡೆ. ಉಪ್ಪು ಗಾಳಿಯ ತೇವ ಹೀರಿಕೊಂಡು, ನಿಂತ ಬೈಕನ್ನೂ ತಿನ್ನುತ್ತಲೇ ಇರುತ್ತದೆ; ಅದಕ್ಕೆ ಭಾನುವಾರದ ಬಿಡುವಿಲ್ಲ. ಬಿಸಿನೀರಿನಲ್ಲಿ ಉಪ್ಪು ಬಹಳ ಹೆಚ್ಚು ಕರಗುತ್ತದೆಂಬ ನಂಬಿಕೆಯೂ ಪೊಳ್ಳು. 100 ಮಿಲಿಲೀಟರ್ ನೀರಿನಲ್ಲಿ 0 ಡಿಗ್ರಿಯಲ್ಲಿ ಸುಮಾರು 36 ಗ್ರಾಂ ಕರಗಿದರೆ, ಕುದಿಯುವಾಗ ಕರಗುವುದು ಸುಮಾರು 39 ಗ್ರಾಂ, ಅಷ್ಟೇ. ಆದರೆ ಬಿಸಿಯಲ್ಲಿ ತುಕ್ಕು ಹಿಡಿಯುವ ವೇಗ ಹೆಚ್ಚುತ್ತದೆ. ಪಾತ್ರೆ ಸೋಪಿನಲ್ಲೋ, ಅದನ್ನು ಮಂದವಾಗಿಸಲೆಂದೇ ಹೆಚ್ಚಾಗಿ ಉಪ್ಪು ಬೆರೆಸಿರುತ್ತಾರೆ!

ಹಾಗಾಗಿ ಓಡಿಸಿದ ದಿನವೇ, ಎಂಜಿನ್ ತಣಿದ ಮೇಲೆ, ಬರಿಯ ತಣ್ಣೀರು. ಪೈಪಿಲ್ಲದ ಬಾಡಿಗೆ ಮನೆಯವರು ಗಿಡಕ್ಕೆ ಔಷಧ ಹೊಡೆಯುವಂಥ 5 ಲೀಟರಿನ ಹೊಸ ಪಂಪು ಕೊಳ್ಳಲಿ. ಮಡ್‌ಗಾರ್ಡಿನ ಒಳಮೈ, ಕ್ಯಾಲಿಪರ್, ಸೈಲೆನ್ಸರ್ ಪೈಪು, ಚೈನು, ಸೈಡ್‌ಸ್ಟ್ಯಾಂಡಿನ ಸಂದುಗಳಿಗೆ ನೀರು ಹೋಗಬೇಕು. ಚಕ್ರದ ಬೇರಿಂಗಿಗೆ ಮಾತ್ರ ಜೋರು ಧಾರೆ ಬೇಡ. ಅಂಗಳದಲ್ಲೇ ನಾಲ್ಕು ಹೆಜ್ಜೆ ಓಡಿಸಿ ಬ್ರೇಕು ಒತ್ತಿ ಒಣಗಿಸಿ, ಚೈನಿಗೆ ಎಣ್ಣೆ ಬಿಡಿ. ಒಣಗಿದ ಮೇಲಷ್ಟೇ ಹೊದಿಕೆ. ತೊಳೆದ ನೀರು ಪಕ್ಕದ ಮನೆಯವರು ನಡೆಯುವ ದಾರಿಗೆ ಹರಿದು ಗಡ್ಡೆಕಟ್ಟದಂತೆಯೂ ನೋಡಿಕೊಳ್ಳಿ.

ಓಡಿಸುವ ಬಗ್ಗೆ ಉಳಿದ ಜಾಗದಲ್ಲಿ ಇಷ್ಟು. ಉಪ್ಪು ಬಿದ್ದಿದೆ ಎಂದು ರಸ್ತೆಯನ್ನು ನಂಬಬೇಡಿ. ಗಲ್ಲಿಗಳಿಗೆ ಲಾರಿ ಬರುವುದಿಲ್ಲ, ಮೈನಸ್ 10ರ ಆಚೆ ಉಪ್ಪಿನ ಶಕ್ತಿಯೂ ಕುಂದುತ್ತದೆ. ವೃತ್ತಗಳಲ್ಲಿ ಗುಡ್ಡೆಯಾದ ಒಣ ಉಪ್ಪು ಮರಳಿನಂತೆ ಜಾರುತ್ತದೆ. ಒದ್ದೆ ರಸ್ತೆಯಲ್ಲಿ ಟೈರಿನ ಸರ್ ಸದ್ದು ಒಮ್ಮೆಲೇ ನಿಂತರೆ ಅಡಿಯಲ್ಲಿ ಮಂಜುಗಡ್ಡೆ ಇರಬಹುದು: ಬ್ರೇಕು ಮುಟ್ಟದೆ, ವಾಲದೆ, ಆಕ್ಸಿಲರೇಟರ್ ಮೆಲ್ಲಗೆ ಇಳಿಸಿ. ಟೈರಿನ ಅಚ್ಚು ಕಾನೂನಿಗೆ 1 ಮಿಲಿಮೀಟರ್ ಸಾಕು. ನನ್ನ ಲೆಕ್ಕದಲ್ಲಿ 2ಕ್ಕೇ ಬದಲಿಸಿ. ಮಂಜುಗಡ್ಡೆಯ ಮೇಲೆ ಬೈಕು ನಿಲ್ಲಲು ಒಣ ರಸ್ತೆಯ 10 ಪಟ್ಟು ದೂರ ಬೇಕಾದೀತು. ಅಂಥ ದಿನ ಬಸ್ಸು ಹತ್ತಿ.