ತೋಟದ ಬೇಲಿಯಲ್ಲಿ ಹಬ್ಬುವ ಲಂಟಾನ ಮತ್ತು ಅದರ ನಿರ್ಮೂಲನ ಕ್ರಮ

ತೋಟಕ್ಕೂ ಹೊಲಕ್ಕೂ ಹಾನಿ ಮಾಡುವ ಕಳೆಗಳಲ್ಲಿ ಎರಡು ಬಗೆಗಳುಂಟು. ನೇಗಿಲಿಗೂ ಕುಂಟೆಗೂ ಸಿಕ್ಕಿ ಸಾಯುವ ಕಳೆಗಳು ಒಂದು ಬಗೆ. ಉಳುಮೆ ಮುಟ್ಟದ ಬದುಗಳಲ್ಲಿಯೂ ಬೇಲಿಸಾಲಿನಲ್ಲಿಯೂ ನೆಲೆ ಮಾಡಿಕೊಂಡು, ವರ್ಷವರ್ಷಕ್ಕೂ ಒಳಕ್ಕೆ ಸರಿದುಬರುವವು ಇನ್ನೊಂದು ಬಗೆ. ಲಂಟಾನವು ಈ ಎರಡನೆಯ ಬಗೆಗೆ ಸೇರಿದುದು. ಇದನ್ನು ಪ್ರತಿವರ್ಷವೂ ಕಡಿಸುವ ಹಿಡುವಳಿದಾರರು ಅನೇಕರಿದ್ದಾರೆ. ಕಡಿಸಿ ಮುಗಿಸಿದವರು ವಿರಳ. ಹೀಗಾಗಲು ಕಾರಣವೇನು, ಕೂಲಿಯ ಹಣವು ವ್ಯರ್ಥವಾಗದಂತೆ ಮಾಡಬೇಕಾದ ಕೆಲಸವೇನು ಎಂಬುದನ್ನು ಈ ಪತ್ರಿಕೆಯಲ್ಲಿ ವಿವರಿಸಿದೆ.

1. ಗಿಡದ ಪೂರ್ವಚರಿತ್ರೆ ಮತ್ತು ಗುರುತು

ಲಂಟಾನವು ಈ ದೇಶದ ಗಿಡವಲ್ಲ. ಇದರ ತವರು ಅಮೆರಿಕಾ ಖಂಡದ ಉಷ್ಣಪ್ರದೇಶ. 19ನೆಯ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕಾಗಿ ಇದನ್ನು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಅಲ್ಲಿಂದ ಬಂಗಲೆಗಳ ಹೂದೋಟಕ್ಕೂ, ಹೂದೋಟದಿಂದ ಬೇಲಿಗೂ, ಬೇಲಿಯಿಂದ ಗೋಮಾಳಕ್ಕೂ ಕಾಡಿಗೂ ಇದು ಹಬ್ಬಿತು. ಬಂಡೀಪುರ, ಬಿಳಿಗಿರಿರಂಗನಬೆಟ್ಟ ಮೊದಲಾದ ಕಾಡುಗಳಲ್ಲಿ ಹುಲ್ಲು ಬೆಳೆಯಬೇಕಾದ ನೆಲವನ್ನು ಈಗ ಇದು ಬಹುವಾಗಿ ಆಕ್ರಮಿಸಿಕೊಂಡಿದೆ.

ಇದರ ಕಾಂಡವು ಚೌಕವಾಗಿದ್ದು ಕೊಕ್ಕೆಯಂತಹ ಸಣ್ಣ ಮುಳ್ಳುಗಳಿಂದ ಕೂಡಿರುತ್ತದೆ. ಎಲೆಗಳು ಎದುರುಬದುರಾಗಿ ಹುಟ್ಟುತ್ತವೆ, ಮುಟ್ಟಲು ಒರಟು, ಹೊಸಕಿದರೆ ಕಟುವಾದ ನಾತ. ಹೂಗಳು ಗೊಂಚಲಾಗಿದ್ದು, ಒಂದೇ ಗೊಂಚಲಿನಲ್ಲಿ ಎರಡು ಮೂರು ಬಣ್ಣಗಳು ಕಾಣುತ್ತವೆ. ಕಾಯಿ ಹಸುರು, ಹಣ್ಣು ಕಪ್ಪು.

2. ಇದರಿಂದಾಗುವ ಹಾನಿ

ಲಂಟಾನದ ಪೊದೆಯ ಅಡಿಯಲ್ಲಿ ಹುಲ್ಲು ಉಳಿಯುವುದಿಲ್ಲ. ಗೋಮಾಳದಲ್ಲಿ ಪೊದೆ ಬೆಳೆದಷ್ಟೂ ದನಗಳಿಗೆ ಮೇವು ಕಡಿಮೆಯಾಗುತ್ತದೆ. ಬೆಳೆಯನ್ನು ತಿನ್ನುವ ಕಾಡುಹಂದಿಗಳಿಗೆ ಈ ಪೊದೆಗಳೇ ಹಗಲಿನ ಆಶ್ರಯ.

ಎಲ್ಲಕ್ಕಿಂತ ಹೆಚ್ಚಿನ ಅಪಾಯವೆಂದರೆ ಇದರ ಎಲೆಯಲ್ಲಿರುವ ವಿಷ. ಪರಿಚಯವಿರುವ ದನಗಳು ಸಾಮಾನ್ಯವಾಗಿ ಇದಕ್ಕೆ ಬಾಯಿ ಹಾಕುವುದಿಲ್ಲ. ಆದರೆ ಮೇವಿಲ್ಲದ ಕಾಲದಲ್ಲಿಯೂ, ಬೇರೆ ಸೀಮೆಯಿಂದ ಹೊಸದಾಗಿ ಕೊಂಡುತಂದ ದನಗಳ ವಿಷಯದಲ್ಲಿಯೂ ಈ ನಂಬಿಕೆ ಸಲ್ಲದು. ಎಲೆಯನ್ನು ತಿಂದ ದನವು ಮೇವು ಬಿಡುತ್ತದೆ, ಸೆಗಣಿ ಕಟ್ಟುತ್ತದೆ, ಕಣ್ಣು ಮತ್ತು ಒಸಡು ಹಳದಿಯಾಗುತ್ತವೆ. ವಿಷವು ಪಿತ್ತಕೋಶವನ್ನೂ ಯಕೃತ್ತನ್ನೂ ಕೆಡಿಸುವುದರಿಂದ ಚರ್ಮವು ಬಿಸಿಲನ್ನು ತಡೆಯಲಾರದೆ, ಮೂತಿಯೂ ಬಿಳಿಯ ಚರ್ಮದ ಭಾಗಗಳೂ ಕೆಂಪೇರಿ ಸುಲಿಯುತ್ತವೆ. ಇಂತಹ ದನವನ್ನು ಕೂಡಲೇ ನೆರಳಿನ ಕೊಟ್ಟಿಗೆಯಲ್ಲಿ ಕಟ್ಟಿ, ನೀರು ಕೊಟ್ಟು, ಪಶುವೈದ್ಯರನ್ನು ಕರೆಯಿಸತಕ್ಕದ್ದು. ತಿಂದ ಎಲೆಯು ಹೊಟ್ಟೆಯಲ್ಲಿ ಉಳಿದಿರುವವರೆಗೆ ವಿಷವು ಮೈಗೆ ಏರುತ್ತಲೇ ಇರುವುದರಿಂದ, ನಾಳೆ ನೋಡೋಣವೆಂದು ತಡಮಾಡಕೂಡದು. ಒಂದು ಜೊತೆ ಎತ್ತುಗಳನ್ನು ನಂಬಿ ಬೇಸಾಯ ಮಾಡುವ ಮನೆಗೆ ಒಂದೆತ್ತಿನ ನಷ್ಟವು ಒಂದು ವರ್ಷದ ಬೇಸಾಯದ ನಷ್ಟವೇ ಸರಿ.

3. ಕಡಿದರೂ ಸಾಯದಿರುವ ಕಾರಣ

ಸಾಧಾರಣವಾಗಿ ಆಳುಗಳು ಮಚ್ಚಿನಿಂದ ಪೊದೆಯನ್ನು ನೆಲಮಟ್ಟಕ್ಕೆ ಸವರಿ, ಒಣಗಿದ ಮೇಲೆ ಬೆಂಕಿ ಹಚ್ಚುತ್ತಾರೆ. ಆ ದಿನಕ್ಕೆ ಬದು ಶುಭ್ರವಾಗಿ ಕಾಣುವುದು ನಿಜ. ಆದರೆ ಲಂಟಾನದ ಜೀವವಿರುವುದು ಕಾಂಡವೂ ಬೇರೂ ಕೂಡುವ ಬುಡದಲ್ಲಿ. ಆ ಬುಡವು ಮಣ್ಣಿನಲ್ಲಿ ಉಳಿದರೆ, ಒಂದು ಕಾಂಡವನ್ನು ಕಡಿದ ಕಡೆ ಅನೇಕ ಚಿಗುರುಗಳು ಏಳುತ್ತವೆ. ಬೆಂಕಿಯು ಮೇಲಿನ ಕಡ್ಡಿಯನ್ನು ಸುಡುತ್ತದೆಯೇ ಹೊರತು ಬುಡವನ್ನು ಸುಡುವುದಿಲ್ಲ. ಅಲ್ಲದೆ ಹುಲ್ಲನ್ನು ಸುಟ್ಟು, ಲಂಟಾನದ ಸಸಿಗಳು ಬೇಕೆನ್ನುವ ಬಿಸಿಲಿನ ಬಯಲನ್ನು ಅವುಗಳಿಗೆ ಒದಗಿಸಿಕೊಡುತ್ತದೆ. ಕಡಿದ ಕಾಂಡವು ತೇವದ ಮಣ್ಣಿನ ಮೇಲೆ ಬಿದ್ದಿದ್ದರೆ ಅದೂ ಬೇರುಬಿಡುವುದುಂಟು. ಹೀಗೆ ವರ್ಷವರ್ಷವೂ ಸವರಿಸುವ ಯಜಮಾನನು ಕೂಲಿಯನ್ನು ತೆತ್ತು ಪೊದೆಯನ್ನು ದಟ್ಟಗೊಳಿಸಿಕೊಂಡಂತಾಗುತ್ತದೆ.

4. ಬುಡಸಹಿತ ಕೀಳುವ ಕ್ರಮ

ಭರಣಿ, ಕೃತ್ತಿಕೆ ಮಳೆಗಳು ಬಿದ್ದು ಮಣ್ಣು ಮೆದುವಾದಾಗ ಈ ಕೆಲಸಕ್ಕೆ ತೊಡಗುವುದು ಉತ್ತಮ. ಗಟ್ಟಿ ನೆಲದಲ್ಲಿ ಆಳು ಬೇಗ ದಣಿದು, ಬುಡವನ್ನು ಬಿಟ್ಟು ಕಾಂಡವನ್ನಷ್ಟೇ ಕಡಿಯುತ್ತಾನೆ.

(ಅ) ಮೊದಲು ಪೊದೆಯ ಒಂದು ಪಕ್ಕದ ಕಡ್ಡಿಗಳನ್ನು ಮಚ್ಚಿನಿಂದ ಸವರಿ, ಬುಡದ ಹತ್ತಿರ ನಿಲ್ಲಲು ಜಾಗ ಮಾಡಿಕೊಳ್ಳಬೇಕು. ಹಣ್ಣು ಕಾಯಿಗಳಿದ್ದರೆ ಆ ರೆಂಬೆಗಳನ್ನು ಮುಂಚೆಯೇ ಕತ್ತರಿಸಿ, ಅಲ್ಲಿಯೇ ಒಂದು ಕಡೆ ಗುಡ್ಡೆಹಾಕಿ ಸುಡತಕ್ಕದ್ದು. ಹೊಲದ ಮೇಲೆ ಎಳೆದುಕೊಂಡು ಹೋದರೆ ದಾರಿಯುದ್ದಕ್ಕೂ ಬಿತ್ತನೆ ಮಾಡಿದಂತಾಗುವುದು.

(ಆ) ಗುದ್ದಲಿಯಿಂದ ಬುಡದ ಸುತ್ತಲಿನ ಮಣ್ಣನ್ನು ತೆಗೆದು, ನೆಲಮಟ್ಟಕ್ಕಿಂತ ಸುಮಾರು 2 ಅಂಗುಲ ಕೆಳಗೆ ತಾಯಿಬೇರನ್ನು ಕಡಿಯಬೇಕು. ಬುಡದ ಗಂಟು ಪೂರ್ತಿಯಾಗಿ ಪೊದೆಯೊಡನೆ ಮೇಲೆ ಬರಬೇಕು. ಇದೇ ಈ ಕೆಲಸದ ಮರ್ಮ.

(ಇ) ಕವೆಗೋಲಿನಿಂದ ಪೊದೆಯನ್ನು ಎತ್ತಿ, ಬೇರು ಮೇಲಾಗಿ ತಲೆ ಕೆಳಗಾಗಿ ಒಣನೆಲದಲ್ಲಿ ನಿಲ್ಲಿಸಬೇಕು. ಬುಡವು ಮಣ್ಣಿಗೆ ತಾಕದೆ ಬಿಸಿಲಿನಲ್ಲಿ ಒಣಗಿದರೆ ಮತ್ತೆ ಚಿಗುರುವುದಿಲ್ಲ. ಒಣಗಿದ ಮೇಲೆ ಒಲೆಗೆ ಸೌದೆಯಾಗುತ್ತದೆ. ದನದ ಕೊಟ್ಟಿಗೆಯಲ್ಲಿ ಇದರ ಸೊಪ್ಪನ್ನು ಹಾಸಕೂಡದು.

ಕೂಲಿಯನ್ನು ಗೊತ್ತುಮಾಡುವಾಗ ಸವರಿದ ನೆಲದ ಅಳತೆಯಿಂದ ಗೊತ್ತುಮಾಡದೆ, ಕಿತ್ತು ತೋರಿಸಿದ ಬುಡಗಳ ಎಣಿಕೆಯಿಂದ ಗೊತ್ತುಮಾಡಿದರೆ ಕೆಲಸವು ಸರಿಯಾಗಿ ನಡೆಯುತ್ತದೆ.

5. ಸಸಿಗಳ ಮೇಲಿನ ಕಾವಲು

ಪೊದೆಯನ್ನು ಕಿತ್ತಲ್ಲಿಗೆ ಕೆಲಸದ ಅರ್ಧ ಮಾತ್ರ ಮುಗಿಯಿತು. ಪಿಕಳಾರ, ಗೊರವಂಕ ಮುಂತಾದ ಹಕ್ಕಿಗಳು ಹಣ್ಣನ್ನು ತಿಂದು, ತಾವು ಕೂರುವ ಮರಗಳ ಕೆಳಗೆ ಬೀಜವನ್ನು ಉದುರಿಸುತ್ತವೆ. ಬಿದ್ದ ಬೀಜಗಳೆಲ್ಲವೂ ಮೊದಲನೆಯ ಮಳೆಗೇ ಮೊಳೆಯುವುದಿಲ್ಲ; ಕೆಲವು ವರ್ಷಗಳವರೆಗೆ ಮಣ್ಣಿನಲ್ಲಿ ಜೀವವಿಟ್ಟುಕೊಂಡಿರುತ್ತವೆ. ಆದಕಾರಣ ಪೊದೆ ಇದ್ದ ಸ್ಥಳವನ್ನೂ, ಬದುವಿನ ಹೊಂಗೆ ಬೇವುಗಳ ಅಡಿಯನ್ನೂ, ಮಳೆನೀರು ಹರಿಯುವ ಹಳ್ಳದ ದಡವನ್ನೂ ಆರಿದ್ರಾ, ಮಘೆ, ಸ್ವಾತಿ ಮಳೆಗಳ ಕಾಲದಲ್ಲಿ ಒಂದೊಂದು ಸಲ ಸುತ್ತಿ ನೋಡಬೇಕು. ಗೇಣುದ್ದದ ಸಸಿಯು ಹಸಿನೆಲದಲ್ಲಿ ಕೈಗೇ ಬರುತ್ತದೆ. ಅದೇ ಸಸಿಯನ್ನು ಎರಡು ವರ್ಷ ಬಿಟ್ಟರೆ ಗುದ್ದಲಿಯೂ ಆಳೂ ಬೇಕಾಗುತ್ತದೆ. ಕನಿಷ್ಠ ಪಕ್ಷ 3 ವರ್ಷ ಈ ಕಾವಲನ್ನು ತಪ್ಪಿಸಕೂಡದು.

6. ತೆರವಾದ ನೆಲವನ್ನು ತುಂಬುವುದು

ಬರಿಯ ನೆಲವು ಕಳೆಯನ್ನು ಕರೆಯುತ್ತದೆ. ಗೋಮಾಳದಲ್ಲಾದರೆ ಊರಿನ ಹುಲ್ಲುಬೀಜವನ್ನು ಎರಚಿ, ಹುಲ್ಲು ಬೇರೂರುವವರೆಗೆ ಆ ಭಾಗಕ್ಕೆ ದನ ಬಿಡಬಾರದು. ಬೇಲಿಯಿಲ್ಲದೆ ತೋಟ ಉಳಿಯುವುದಿಲ್ಲವೆಂಬ ಅಂಜಿಕೆಯಿಂದ ಲಂಟಾನವನ್ನು ಇಟ್ಟುಕೊಂಡಿರುವವರು ಆ ಸ್ಥಳದಲ್ಲಿ ಲಕ್ಕಿ, ಆಡುಸೋಗೆ ಅಥವಾ ಕತ್ತಾಳೆಯನ್ನು ಒತ್ತಾಗಿ ನೆಡಬಹುದು. ಲಕ್ಕಿ, ಆಡುಸೋಗೆಗಳನ್ನು ದನಗಳು ಮೇಯುವುದಿಲ್ಲ. ಅವುಗಳ ಸೊಪ್ಪು ಗೊಬ್ಬರಕ್ಕೆ ಬರುತ್ತದೆ. ಇಡೀ ಬೇಲಿಯನ್ನು ಒಂದೇ ವರ್ಷದಲ್ಲಿ ಕೀಳದೆ, ಒಂದು ಪಕ್ಕದಲ್ಲಿ ಹೊಸ ಬೇಲಿ ನಿಂತಮೇಲೆ ಮತ್ತೊಂದು ಪಕ್ಕಕ್ಕೆ ಕೈಹಾಕಿದರೆ ಬೆಳೆಗೆ ತೊಂದರೆಯಿರುವುದಿಲ್ಲ.

7. ಹುಳುಗಳಿಂದ ನಿವಾರಣೆಯಾಗದೇ?

ಪಾಪಾಸುಕಳ್ಳಿಯನ್ನು ಹುಳುವೇ ತಿಂದು ಮುಗಿಸಿದುದನ್ನು ಹಿರಿಯರಿಂದ ಕೇಳಿ, ಲಂಟಾನಕ್ಕೂ ಹಾಗೆಯೇ ಆದೀತೆಂದು ಕಾಯುವವರುಂಟು. 1926ರಲ್ಲಿ ಸಿಂಹಳದಿಂದ ತಂದ ಒಂದು ಜಾತಿಯ ಕೊಚಿನೀಲ್ ಹುಳುವು ದಕ್ಷಿಣ ಭಾರತದ ಪಾಪಾಸುಕಳ್ಳಿಯನ್ನು ಬಹುಮಟ್ಟಿಗೆ ನಾಶಮಾಡಿದ್ದು ನಿಜ. ಲಂಟಾನಕ್ಕೂ ಆ ಪ್ರಯತ್ನ ನಡೆಯದೆ ಇಲ್ಲ. ಅದರ ಕಾಯನ್ನು ಕೊರೆಯುವ ಒಂದು ನೊಣವನ್ನು 1921ರಲ್ಲಿಯೂ, ಎಲೆಯ ರಸ ಹೀರುವ ಒಂದು ತಿಗಣೆಯನ್ನು 1941ರಲ್ಲಿಯೂ ಹೊರದೇಶಗಳಿಂದ ಭಾರತಕ್ಕೆ ತಂದರು. ಅವು ಗಿಡವನ್ನು ಪೀಡಿಸಿದರೂ ಅಡಗಿಸಲಿಲ್ಲ. ಆದುದರಿಂದ ಗುದ್ದಲಿಯನ್ನು ಬಿಟ್ಟು ಹುಳುವಿಗಾಗಿ ಕಾಯುವುದರಲ್ಲಿ ಪ್ರಯೋಜನವಿಲ್ಲ. ಮಲೆ ಮಹದೇಶ್ವರ ಬೆಟ್ಟದ ಸೀಮೆಯ ಕೆಲವರು ಬಿದಿರಿಗೆ ಬದಲಾಗಿ ಲಂಟಾನದ ಕಡ್ಡಿಯಿಂದ ಬುಟ್ಟಿಯನ್ನೂ ಪೀಠೋಪಕರಣಗಳನ್ನೂ ಹೆಣೆದು ಮಾರುತ್ತಾರೆ. ಕಿತ್ತ ಗಿಡಕ್ಕೆ ಇಂತಹ ಉಪಯೋಗವು ದೊರೆತರೆ ಕೂಲಿಯ ಸ್ವಲ್ಪ ಭಾಗವಾದರೂ ಹಿಂದಿರುಗೀತು. ಆದರೆ ಉಪಯೋಗಕ್ಕೆಂದು ಇದನ್ನು ಬೆಳೆಸುವುದು ಸರ್ವಥಾ ಕೂಡದು.

8. ಊರಿನ ಮುಖ್ಯಸ್ಥರ ಕರ್ತವ್ಯ

ಹಕ್ಕಿಗೆ ಬದುವಿನ ಎಲ್ಲೆಯಿಲ್ಲ. ಒಬ್ಬನು ತನ್ನ ತೋಟವನ್ನು ಎಷ್ಟು ಶುದ್ಧಮಾಡಿದರೂ ನೆರೆಯವನ ಬೇಲಿಯಲ್ಲಿ ಹಣ್ಣು ತೂಗುತ್ತಿದ್ದರೆ ಅವನ ಮೂರು ವರ್ಷದ ಕಾವಲು ಮೂವತ್ತು ವರ್ಷದ ಕಾವಲಾಗುತ್ತದೆ. ಆದಕಾರಣ ಮುಖ್ಯಸ್ಥರು ಮುಂಗಾರಿಗೆ ಮುಂಚೆ ಊರವರನ್ನು ಸೇರಿಸಿ, ಯಾವ ದಿಕ್ಕಿನಿಂದ ಆರಂಭಿಸಬೇಕೆಂಬುದನ್ನು ನಿಶ್ಚಯಿಸುವುದು ಒಳ್ಳೆಯದು. ಪೊದೆ ವಿರಳವಾಗಿರುವ ಕಡೆಯಿಂದ ತೊಡಗಿ ದಟ್ಟವಾಗಿರುವ ಕಡೆಗೆ ಸಾಗಬೇಕು. ಸ್ವಲ್ಪ ಶ್ರಮದಿಂದ ಹೆಚ್ಚು ನೆಲವು ಉಳಿಯುವುದು ಹೀಗೆಯೇ. ಆಳಿಲ್ಲದ ಬಡ ಹಿಡುವಳಿದಾರನ ಬೇಲಿಗೆ ಮುಯ್ಯಾಳಿನಿಂದ ಸಹಾಯವಾದರೆ, ಅದು ಅವನಿಗೆ ಮಾಡಿದ ಉಪಕಾರ ಮಾತ್ರವಲ್ಲ, ನೆರೆಯ ತೋಟಗಳಿಗೆಲ್ಲ ಮಾಡಿದ ರಕ್ಷಣೆ.

ಕಡಿಯುವುದು ಒಂದು ದಿನದ ಕೆಲಸ, ಕೀಳುವುದು ಒಂದು ಮಳೆಗಾಲದ ಕೆಲಸ, ಕಾಯುವುದು ಮೂರು ವರ್ಷದ ಕೆಲಸ. ಕೊನೆಯ ಎರಡನ್ನೂ ಮಾಡಲು ಮನಸ್ಸಿಲ್ಲದವರು ಮೊದಲನೆಯದಕ್ಕೆ ಹಣ ವೆಚ್ಚಮಾಡದಿರುವುದೇ ಲೇಸು.