ಬಿರುಕು ಕಂಡ ಕೂಡಲೇ ಸಿಮೆಂಟ್ ಬೇಡ

ಗೋಕುಲ ರಸ್ತೆಯ ಸಭೆಯ ಹಿರಿಯರೇ, ಸಭಾಂಗಣದ ಹೆಂಚು ಇಳಿಸಿ ಸ್ಲ್ಯಾಬ್ ಹಾಕುವ ಮಾತು ಸದ್ಯಕ್ಕೆ ಬಿಡಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಸುಡಲು ಆರಂಭಿಸಿದ ಆ ಬಗೆಯ ಹೆಂಚು ಒಡೆದರೆ ಒಂದನ್ನಷ್ಟೇ ಬದಲಿಸಿದರಾಯಿತು. ಸ್ಲ್ಯಾಬ್ ಸೋರಿದರೆ ಆ ಸುಖವಿಲ್ಲ. ಗೋಡೆಯ ಬಿರುಕಿಗೆ ಬಹುಶಃ ನಮ್ಮ ಎರೆ ಮಣ್ಣೇ ಕಾರಣ: ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಬಿರುಕಿನ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಗೆರೆ ದಾಟಿದರೆ ಎಂಜಿನಿಯರನ್ನು ಕರೆಸಿ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿಯುತ್ತದೆ.

ಇನ್ನು, ‘ಓಣಿಯವರು ಸಭೆಗೆ ಬರೋದಿಲ್ಲ’ ಎಂದಿದ್ದೀರಿ. ವಾರವಿಡೀ ಗೇಟಿಗೆ ಬೀಗವಿದ್ದರೆ ಯಾರು ಬಂದಾರು? ಕೈಗಾರಿಕಾ ವಸಾಹತಿನ ಕಾರ್ಮಿಕರ ಮಕ್ಕಳಿಗೆ ಸಂಜೆ ಓದಲು ಸಭಾಂಗಣ ಬಿಟ್ಟುಕೊಡಿ. ದುರಸ್ತಿಗೆ ಪಟ್ಟಿ ಎತ್ತುವುದು ಆಮೇಲಿರಲಿ. ಮುಂಗಾರಿಗೆ ಮುನ್ನ ಮಾಡಿನ ನೀರು ಬುನಾದಿಗೆ ಇಳಿಯದಂತೆ ಗಟಾರ ಸರಿಪಡಿಸಿ.