ಶಪಿಸಬೇಡಿ, ಜೊತೆಗೆ ನಡೆಯಿರಿ

ಮದ್ಯ ಹರಾಮ್ ಎಂಬುದು ನಮ್ಮ ಮಕ್ಕಳಿಗೂ ಗೊತ್ತು. ಹಾಗಿದ್ದೂ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ನಮ್ಮ ಮೊಹಲ್ಲಾಗಳಲ್ಲಿ ಈ ಚಟಕ್ಕೆ ಸಿಲುಕಿದವರು ಇರಬಹುದು. ಮನೆಯವರು ಮರ್ಯಾದೆಗಂಜಿ ಮುಚ್ಚಿಡುತ್ತಾರೆ. ರೋಗ ಒಳಗೊಳಗೇ ಬೆಳೆಯುತ್ತದೆ.

ಕುಡಿತಕ್ಕಾಗಿ ಪದೇ ಪದೇ ಶಿಕ್ಷೆಗೊಳಗಾದ ಒಬ್ಬನನ್ನು ಜನರಲ್ಲೊಬ್ಬರು ಶಪಿಸಿದಾಗ ಪ್ರವಾದಿವರ್ಯರು(ಸ) ತಡೆದರು. ಆತನಿಗೆ ಅಲ್ಲಾಹ್ ಮತ್ತು ಅವನ ಸಂದೇಶವಾಹಕರ ಮೇಲೆ ಪ್ರೀತಿಯಿದೆ ಎಂದರು. ಸಹೀಹ್ ಬುಖಾರಿಯಲ್ಲಿರುವ ಈ ಘಟನೆಯ ಪಾಠವೇನು? ತಪ್ಪು ತಪ್ಪೇ, ಆದರೆ ತೌಬಾದ ಬಾಗಿಲು ಮುಚ್ಚಿಲ್ಲ.

ಮರಳಲು ಬಯಸುವವನಿಗೆ ಸಂಗಾತಿಗಳು ಬೇಕು. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಇಬ್ಬರು ವ್ಯಸನಿಗಳ ಭೇಟಿಯಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಅಂಥವರ ಕೂಟ. ಶುಲ್ಕವಿಲ್ಲ, ಕುಡಿತ ಬಿಡುವ ಬಯಕೆಯೊಂದೇ ಅರ್ಹತೆ. ಪೂರ್ಣ ಹೆಸರು ಹೇಳಬೇಕಿಲ್ಲ. ಸಭೆ ಚರ್ಚಿನ ಕೋಣೆಯಲ್ಲಿ ನಡೆದರೂ ಅದು ಯಾವ ಧರ್ಮದ ಸಂಸ್ಥೆಯೂ ಅಲ್ಲ. ದೇವನಿಗೆ ಶರಣಾಗುವ ಮಾತು ಅಲ್ಲಿ ಬಂದಾಗ ಮುಸ್ಲಿಮನು ಅಲ್ಲಾಹನತ್ತಲೇ ತಿರುಗಬಹುದು. ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆ ಸಭೆಗಳಿವೆ.

ಹತ್ತಿರದ ಸಭೆ ಎಲ್ಲಿದೆಯೆಂದು ತಾಲೂಕು ಆಸ್ಪತ್ರೆಯ ವೈದ್ಯರನ್ನು, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯನ್ನು ವಿಚಾರಿಸಿ. 14446 ವ್ಯಸನಮುಕ್ತಿ ಸಹಾಯವಾಣಿ, 14416 ಟೆಲಿ-ಮಾನಸ್. ಎರಡಕ್ಕೂ ಕರೆ ಉಚಿತ. ಒಂದು ಎಚ್ಚರಿಕೆ: ದಿನವೂ ವಿಪರೀತ ಕುಡಿಯುವವನು ಒಮ್ಮೆಲೇ ಬಿಟ್ಟರೆ ಫಿಟ್ಸ್, ಬುದ್ಧಿಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ಆದ್ದರಿಂದ ಮೊದಲು ವೈದ್ಯರಿಗೆ ತೋರಿಸಿ.

ಮೊದಲ ಸಭೆಗೆ ಒಂಟಿಯಾಗಿ ಹೋಗುವುದು ಕಷ್ಟ. ಅಣ್ಣನೋ ಮಾವನೋ ಬಾಗಿಲವರೆಗೆ ಜೊತೆಗೆ ಹೋಗಲಿ. ಜಾರಿ ಬಿದ್ದರೆ ಹೀಯಾಳಿಸದೆ ಮತ್ತೆ ಕರೆದೊಯ್ಯಿರಿ. ಅವನಿಗಾಗಿ ದುಆ ಮಾಡುವ ನಾಲಿಗೆಯಿಂದಲೇ ಅವನನ್ನು ಶಪಿಸುವುದು ಸಲ್ಲದು.